ತೊಂಬತ್ತಮೂರನೇ ಮನೆ

ಫ್ಲಾರೆನ್ಸ ಟೀಚರಿಗೆ ಕೂತಲ್ಲಿ ಕೂರಲಿಕ್ಕೆ ಬರುವುದಿಲ್ಲ ಎಂಬುದು ನೌಬಾದದ ಆ ಸರಕಾರಿ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೂ ಗೊತ್ತಿತ್ತು. ಪಾಠ ಹೇಳುವಾಗ ಆಕೆ ಕುರ್ಚಿ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಚಹಾ ಕುಡಿಯುವ ಹೊತ್ತಿನಲ್ಲೂ ಲೋಟ ಹಿಡಿದುಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುವಳು. ವಯಸ್ಸು ಐವತ್ತಮೂರು, ಎಡಗಾಲಿನ ಮೊಣಕಾಲು ಆಗಲೇ ಕಿರಿಕಿರಿ ಶುರುಮಾಡಿತ್ತು. ಆದರೂ ಪೋಲಿಯೊ ಹನಿ, ಮತದಾರರ ಪಟ್ಟಿ, ಜನಗಣತಿ ಅಂತ ಯಾವ ಕೆಲಸ ಬಂದರೂ, ಉಳಿದವರು ಬಿ.ಪಿ., ಶುಗರಿನ ಚೀಟಿ ತೋರಿಸಿ ತಪ್ಪಿಸಿಕೊಳ್ಳುವಾಗ, ಈಕೆ ತಾನಾಗಿ ಹೆಸರು ಕೊಡುತ್ತಿದ್ದಳು.

"ನಿನ್ನ ಕಾಲಾಗ ಚಕ್ರ ಅದ ನೋಡು," ಎನ್ನುತ್ತಿದ್ದ ಗಂಡ ಎಲೀಷ. ಊರ ಬಾಜೂ ಕೊಳಾರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷದಿಂದ ಮಶೀನಿನ ಮುಂದೆ ಒಂದೇ ಜಾಗದಲ್ಲಿ ನಿಲ್ಲುವವನು ಅವನು. ಮನೆಗೆ ಬಂದರೆ ಮಂಚ ಬಿಟ್ಟು ಏಳುವವನಲ್ಲ. "ಊರಿನ ಕದಾ ಎಲ್ಲಾ ನೀನೇ ಬಡೀಬೇಕೇನು?"

ಫ್ಲಾರೆನ್ಸ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಎಲೀಷನಿಗೆ ಅರ್ಧ ಗೊತ್ತಿತ್ತು. ಕದ ತೆರೆದಾಗಲೆಲ್ಲ ಆಕೆಯ ಕಣ್ಣು ಮುಂದೆ ನಿಂತವರನ್ನು ಬಿಟ್ಟು ಒಳಗಿನ ಕತ್ತಲಿಗೆ ಹೋಗುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಭಾಲ್ಕಿಯ ಮನೆಯಿಂದ ಹೊರಟುಹೋದ ತಮ್ಮ ಕ್ಯಾಲೆಬನಿಗಾಗಿ. ಆಗ ಅವನಿಗೆ ಇಪ್ಪತ್ತು. ಈಗ ಎದುರಿಗೆ ಬಂದರೆ ಗುರುತು ಸಿಗುವುದೋ ಇಲ್ಲವೋ ಆಕೆಗೇ ಖಾತ್ರಿಯಿರಲಿಲ್ಲ.

ಆ ವರ್ಷ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆ ಬಂತು. ಫ್ಲಾರೆನ್ಸಳಿಗೆ ಸಿಕ್ಕಿದ್ದು ಬೀದರಿನ ಕಾಳಿನ ಮಾರುಕಟ್ಟೆ ಗಾಂಧಿ ಗಂಜಿನ ಹಿಂದಿನ ಬ್ಲಾಕು. ನಾಲ್ಕು ಗಲ್ಲಿಗಳ ನಡುವೆ ಸಿಕ್ಕಿಕೊಂಡ ಒಂದು ತುಂಡು. ಈ ಕಡೆ ಗಂಜಿನಲ್ಲಿ ಲಾರಿ, ಕೈಗಾಡಿ, ಹಮಾಲರ ಕೂಗು, ತೊಗರಿಯ ಧೂಳು. ಗಲ್ಲಿಯ ಬಾಯಲ್ಲಿ ಯಾವ ಕಾಲದಲ್ಲೋ ಹುಗಿದ ಕೆಂಪು ಕಲ್ಲಿನ ಗೂಟವೊಂದಿತ್ತು. ಗಾಡಿ ಒಳಗೆ ಬರುವಂತಿರಲಿಲ್ಲ. ಗೂಟ ದಾಟಿ ಹತ್ತು ಹೆಜ್ಜೆ ಇಟ್ಟರೆ ಯಾರೋ ಕಿವಿಗೆ ಅರಳೆ ಇಟ್ಟಹಾಗೆ ಸದ್ದು ಅಡಗುತ್ತಿತ್ತು. ಒಂದು ಬೇವಿನ ಮರ, ಕಬ್ಬಿಣದ ಜಾಲರಿ ಮುಚ್ಚಿದ ಒಂದು ಬಾವಿ, ಸುಣ್ಣ ಉದುರಿದ ಗೋಡೆಗಳು, ಅರ್ಧ ಮನೆ ಅರ್ಧ ಗೋದಾಮು. ಮಧ್ಯಾಹ್ನ ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಹಾದುಹೋದಾಗ ಮಾತ್ರ ಪಾರಿವಾಳಗಳು ಒಮ್ಮೆ ಎದ್ದು ಮತ್ತೆ ಕೂರುತ್ತಿದ್ದವು.

ಪಟ್ಟಿಯಲ್ಲಿ ತೊಂಬತ್ತಮೂರು ಮನೆ. ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಮಾಡಿದ ಪಟ್ಟಿ ಅದು, ಒಂದು ಮೀಟರಿಗೆ ಒಂದು ಮನೆ. ಹದಿನೇಳನೇ ನಂಬರಿನ ಪಕ್ಕ ಅರವತ್ತನಾಲ್ಕು, ಅದರ ಮೇಲಿನ ಮಹಡಿಗೆ ಐದು. ಫ್ಲಾರೆನ್ಸ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕೂ ಗಲ್ಲಿಯ ನಕಾಶೆ ಬರೆದುಕೊಂಡಳು. ಬೆಳಿಗ್ಗೆ ಎಂಟಕ್ಕೆ ಶುರು, ಬಿಸಿಲು ಏರಿದಾಗ ಬೇವಿನ ನೆರಳಲ್ಲಿ ರೊಟ್ಟಿ, ಮತ್ತೆ ಕದ ಬಡಿಯುವುದು. ಕೆಲವರು ಚಹಾ ಕೊಟ್ಟರು. ಕೆಲವರು ಜಾತಿ ಕೇಳಿದ್ದಕ್ಕೆ ಬೈದರು. ಒಬ್ಬ ಮುದುಕ ತನ್ನ ಮನೆಯ ಒಂಬತ್ತು ಜನರ ಹೆಸರು ಹೇಳಿ, ಹತ್ತನೆಯದಾಗಿ ಎಮ್ಮೆಯನ್ನೂ ಬರೆದುಕೊಳ್ಳಲೇಬೇಕೆಂದು ಹಟ ಹಿಡಿದ. ಎಂಟನೇ ದಿನಕ್ಕೆ ತೊಂಬತ್ತೆರಡು ಮುಗಿದವು.

ಉಳಿದದ್ದು ಒಂದು. ಮೀಟರು ಸಲಾವೋದ್ದೀನ ಎಂಬವರ ಹೆಸರಿನಲ್ಲಿತ್ತು. ಅವರು ತೀರಿಕೊಂಡು ಮೂವತ್ತು ವರ್ಷವಾಯಿತು, ಮಕ್ಕಳು ಆಗಲೇ ಗೋದಾಮಿನವರಿಗೆ ಮನೆ ಮಾರಿ ಹೋದರು ಎಂದು ಬಾಜೂ ಮನೆಯವರು ಹೇಳಿದರು. ಮೀಟರೇನೋ ಸಿಕ್ಕಿತು. ಹಿಂದಿನ ಗಲ್ಲಿಯಲ್ಲಿ, ಕೌಸಲ್ಯಾಬಾಯಿಯವರ ಬೇಳೆ ಗೋದಾಮಿನ ಗೋಡೆಗೆ, ತುಕ್ಕು ಹಿಡಿದ ಡಬ್ಬಿಯೊಳಗೆ. ಅದರ ಆಸುಪಾಸಿನಲ್ಲಿ ಬಾಗಿಲೇ ಇರಲಿಲ್ಲ. ಆದರೆ ಡಬ್ಬಿಯೊಳಗೆ ಕೆಂಪು ದೀಪ ಮಿಣುಕುತ್ತಿತ್ತು. ಯಾರೋ ಕರೆಂಟು ಉರಿಸುತ್ತಿದ್ದರು.

ಕೌಸಲ್ಯಾಬಾಯಿ ಅರವತ್ತೈದರ ಹೆಂಗಸು. ಗಂಡ ಹೋದ ಮೇಲೆ ಕಾಳಿನ ದಲ್ಲಾಳಿಯ ಅಡತ ಅಂಗಡಿಯನ್ನು ತಾವೇ ನಡೆಸುತ್ತಿದ್ದರು. ಫೋನಿನಲ್ಲಿ ವ್ಯಾಪಾರಿಗಳ ಜೊತೆ ಮರಾಠಿ, ಹಮಾಲರ ಜೊತೆ ಕನ್ನಡ, ಎರಡರಲ್ಲೂ ಅದೇ ಗಟ್ಟಿ ದನಿ.

"ಆ ಮೀಟರ್ ಯಾರದರಿ, ಬಾಯಿ?"

"ಗೋದಾಮಿಂದು."

"ಗೋದಾಮಿಂದು ಮುಂದ ಅದ. ನಾನೇ ಚೀಟಿ ಹಚ್ಚೀನಿ. ಇದು ಬ್ಯಾರೆ."

"ಹಳೇದು. ಬಿಟ್ಟಬಿಡ್ರಿ ಟೀಚರ್. ಅಲ್ಲಿ ಯಾರೂ ಇಲ್ಲ."

"ದೀಪ ಹತ್ತಿ ಆರತದಲ್ರಿ?"

ಕೌಸಲ್ಯಾಬಾಯಿ ಆಕೆಯ ಮುಖವನ್ನೊಮ್ಮೆ ನೋಡಿದರು. "ಹತ್ತಲಿ," ಎಂದು ಒಳಗೆ ಹೋದರು.

ಮೇಲ್ವಿಚಾರಕ ಮಕರಂದ ಸಂಜೆ ಫೋನು ಮಾಡಿದ. ಇಪ್ಪತ್ತೆಂಟರ ಹುಡುಗ, ಅವನ ಮೇಲೆ ಲೆಕ್ಕ ಕೇಳಲು ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. "ಟೀಚರ್, ಆ್ಯಪಿನ್ಯಾಗ ನಿಮ್ಮದು ಒಂದ ಬಾಕಿ ತೋರಸ್ಲಿಕತ್ತದ. 'ಬಾಗಿಲ ಹಾಕೇದ' ಅಂತ ಒತ್ತಿ ಕ್ಲೋಸ್ ಮಾಡ್ರಿ. ಎಲ್ಲಾರೂ ಹಂಗೇ ಮಾಡ್ಯಾರ."

"ಬಾಗಲಾನೇ ಇಲ್ಲಪಾ. ಇಲ್ಲದ ಬಾಗಲಾ ಹಾಕೇದ ಅಂತ ಹ್ಯಾಂಗ ಬರೀಲಿ?"

"ಅಯ್ಯ, ನಿಮಗ್ಯಾಕ್ರಿ ಅಷ್ಟು!"

ಆ ರಾತ್ರಿ ಊಟಕ್ಕೆ ಕೂತವಳು ಎರಡು ಸಲ ಎದ್ದು ಕೈ ಒರೆಸಿಕೊಂಡು ನಕಾಶೆ ನೋಡಿದಳು. ಎಲೀಷ ಆಕೆಯ ರೊಟ್ಟಿಯ ಮೇಲೆ ತಾಟು ಮುಚ್ಚಿಟ್ಟ.

ಒಂಬತ್ತನೇ ದಿನ ಆಕೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಆದರೂ ಹೋದಳು. ನಾಲ್ಕು ಗಲ್ಲಿ ಸುತ್ತಿದಳು, ಮತ್ತೆ ಸುತ್ತಿದಳು. ಕೆಲಸವಿಲ್ಲದೆ ನಡೆದಾಗ ಅದೇ ಬ್ಲಾಕು ಬೇರೆ ಕಂಡಿತು. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಹುಣಸೆ ಸಸಿ ಹುಟ್ಟಿತ್ತು. ಒಂದು ಕಿಟಕಿಯಲ್ಲಿ ಬೆಕ್ಕು, ಅದರ ಹಿಂದೆ ಪರದೆ ಸರಿಸಿ ನೋಡುವ ಕೈ. "ಟೀಚರ್ ಮತ್ತ ಬಂದ್ರು," ಎಂದಿತು ಯಾವುದೋ ಅಡಿಗೆಮನೆಯ ದನಿ. ಫ್ಲಾರೆನ್ಸಳಿಗೆ ನಾಚಿಕೆಯಾಯಿತು, ಆದರೆ ಕಾಲು ನಿಲ್ಲಲಿಲ್ಲ. ಮೂರನೇ ಸುತ್ತಿನಲ್ಲಿ, ಊಟದ ಹೊತ್ತು ಗಂಜಿನ ಸದ್ದೂ ತಗ್ಗಿದಾಗ, ಮೀಟರಿನ ಗೋಡೆಗೆ ಕಿವಿ ಕೊಟ್ಟು ನಿಂತಳು. ಒಳಗೆ ಏನೋ ಎಳೆದಹಾಗೆ ಸರ್ರ್ ಎಂದಿತು. ಸ್ವಲ್ಪ ತಡೆದು ಮತ್ತೆ ಸರ್ರ್.

ಗೋದಾಮಿಗೂ ಮುಂದಿನ ಮನೆಗೂ ನಡುವೆ ಒಂದೂವರೆ ಮೊಳದ ಸಂದಿಯಿತ್ತು. ಬಚ್ಚಲು ನೀರಿನ ಕಾಲುವೆ ಎಂದುಕೊಂಡು ಎಂಟು ದಿನವೂ ದಾಟಿ ಹೋಗಿದ್ದಳು. ಬಾಯಲ್ಲಿ ಹರಕು ಗೋಣಿಚೀಲಗಳ ರಾಶಿ. ಸೀರೆ ಎತ್ತಿ ಕಟ್ಟಿ, ರಾಶಿಯ ಪಕ್ಕಕ್ಕೆ ಮೈ ಓರೆ ಮಾಡಿ ನುಗ್ಗಿದಳು. ಇಪ್ಪತ್ತು ಹೆಜ್ಜೆ ಹೋದ ಮೇಲೆ ಒಂದು ಗಿಡ್ಡ ಕದ. ತೆರೆದೇ ಇತ್ತು. ಒಳಗಿನ ಖೋಲಿಯಲ್ಲಿ ಬಲ್ಬಿನ ಕೆಳಗೆ ಒಬ್ಬ ಗಂಡಸು ಕೂತು ಹರಿದ ಚೀಲ ಹೊಲಿಯುತ್ತಿದ್ದ. ಕೈಯಲ್ಲಿ ದಬ್ಬಣ, ಅದರ ಹಿಂದೆ ಉದ್ದದ ಸುತಳಿ. ಸರ್ರ್ ಎನ್ನುತ್ತಿದ್ದುದು ಅದೇ.

ಗಡ್ಡ ಅರ್ಧ ಬೆಳ್ಳಗೆ. ಕಣ್ಣು ಕ್ಯಾಲೆಬನದಲ್ಲ. ಮೂಗೂ ಅಲ್ಲ. ಪ್ರತಿ ಸಲದಂತೆ ಒಂದು ಕ್ಷಣದಲ್ಲಿ ಅಷ್ಟನ್ನೂ ನೋಡಿ ಮುಗಿಸಿ, ಆಕೆ ನೋಟ್‌ಬುಕ್ಕು ತೆಗೆದಳು.

"ಯಾರಿ?" ಅವನು ಬೆಚ್ಚಿ ಎದ್ದ.

"ಸರ್ವೇದವ್ರು. ಮನ್ಯಾಗ ಯಾರ್ಯಾರ ಅದಾರಂತ ಬರಕೋಬೇಕು."

"ಇಲ್ಲಿ ಯಾರೂ ಇಲ್ರಿ."

"ನೀವ ಅದೀರಲ್ಲ?"

ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಗೋಡೆ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ, "ನನ್ನ ಹೆಸರ ಬರೀಬ್ಯಾಡ್ರಿ, ಟೀಚರ್. ಕೈ ಮುಗೀತೇನಿ," ಎಂದ.

ತಾನು ಟೀಚರೆಂದು ಅವನಿಗೆ ಗೊತ್ತಿತ್ತು ಎಂಬುದು ಆಗ ಆಕೆಗೆ ಹೊಳೆಯಿತು. ಎಂಟು ದಿನ ಆ ಗೋಡೆಯ ಆಚೆ ಓಡಾಡಿದ ಆಕೆಯ ಮಾತನ್ನೆಲ್ಲ ಅವನು ಕೇಳಿಸಿಕೊಂಡಿದ್ದ.

ಅಂದು ಆಕೆ ಬಲವಂತ ಮಾಡಲಿಲ್ಲ. ನೀರು ಕೇಳಿ ಕುಡಿದು ಹೊರಗೆ ಬಂದಳು. ಕೌಸಲ್ಯಾಬಾಯಿ ಗಲ್ಲಿಯಲ್ಲೇ ನಿಂತಿದ್ದರು. ಸಿಟ್ಟಿನಿಂದಲ್ಲ. "ಸಿಕ್ಕನಾ?" ಎಂದರು. "ನಮ್ಮವರು ಇದ್ದಾಗ ಬಂದಾವ. ಹಮಾಲಿ ಮಾಡ್ತೇನಂತ ಬಂದ. ಒಂದ ಖೋಲಿ ಕೊಡ್ರಿ, ಹೆಸರ ಕೇಳಬ್ಯಾಡ್ರಿ ಅಂದ. ನಮ್ಮವರು ಮಾತ ಕೊಟ್ಟರು. ಅವರು ಹೋದ ಮ್ಯಾಲ ನಾನೂ ಅದನ್ನೇ ನಡಸೀನಿ. ಇಪ್ಪತ್ತನಾಲ್ಕ ವರ್ಷಾತು. ಗಂಜಿನವರೆಲ್ಲಾ ಭಾಯಿ ಅಂತಾರ, ಅಷ್ಟೇ."

ಮರುದಿನ ಫ್ಲಾರೆನ್ಸ ಮತ್ತೆ ಆ ಸಂದಿಗೆ ನುಗ್ಗಿದಳು. ಅವನು ಕಾಯುತ್ತಿದ್ದವನ ಹಾಗೆ ಚೀಲವೊಂದನ್ನು ಮಡಚಿ ಕೂರಲು ಹಾಕಿದ. ಆಕೆ ಕೂರಲಿಲ್ಲ. ಮೂರು ಹೆಜ್ಜೆಯ ಖೋಲಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದಳು.

"ಒಂದ ಹೆಸರಿಗೆ ಇಷ್ಟ ಯಾಕ ತಿರಗತೀರಿ?" ಅವನು ಕೇಳಿದ. "ನಾ ಬರದ್ರೆಷ್ಟು, ಬಿಟ್ಟರೆಷ್ಟು."

ಹತ್ತು ದಿನದಿಂದ ಕೇಳುವವಳು ಆಕೆಯೇ ಆಗಿದ್ದಳು. ತನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. ಎಲೀಷನಿಗೂ ಹೇಳದೆ ಉಳಿಸಿಕೊಂಡಿದ್ದ ಅರ್ಧವೂ ಬಂತು.

"ನಂಗೊಬ್ಬ ತಮ್ಮ ಇದ್ದ. ಅಪ್ಪ ತೀರಿಕೊಂಡಿದ್ರು, ನನಗ ಆಗಷ್ಟೇ ನೌಕರಿ ಬಂದಿತ್ತು. ಇವನು ಪಿಯುಸಿ ಎರಡ ಸಲ ಫೇಲಾಗಿ ಮನ್ಯಾಗ ಬಿದ್ದಿದ್ದ. ಒಂದಿನ ಮುಂಜಾನಿ ನಾ ಬಸ್ಸಿಗೆ ಓಡ್ಲಿಕತ್ತೀನಿ, ಎಂಟಾದ್ರೂ ಇವಾ ಎದ್ದಿಲ್ಲ. ಹೊದಿಕಿ ಜಗ್ಗಿ ಅಂದೆ, 'ನಿನ್ನಂಥವ ಈ ಮನ್ಯಾಗ ಇದ್ರೇನು, ಇಲ್ಲದಿದ್ರೇನು.' ಅಷ್ಟ ಅಂದು ಬಸ್ ಹಿಡದೆ. ಸಂಜೀಕ ಬರೂದ್ರೊಳಗ ಹೋಗಿದ್ದ. ಉದಗೀರ, ಹೈದ್ರಾಬಾದ, ಮುಂಬೈ, ಎಲ್ಲಾ ಕಡಿ ಹುಡಕಿದ್ವಿ. ಅವ್ವ ಸಾಯೂತನಕಾ 'ಯಾಕ ಹೋದ' ಅಂತ ಕೇಳ್ತಿದ್ದಳು. ನಾ ಹೇಳಲಿಲ್ಲ."

ಅವನ ಕೈಯಲ್ಲಿನ ಸುತಳಿ ನಿಂತಿತ್ತು. ಫ್ಲಾರೆನ್ಸ ಹೊರಡಬೇಕೆಂದು ಕದದ ಕಡೆ ತಿರುಗಿದಾಗ ಅವನು ಮಾತು ತೆಗೆದ.

"ನಂದು ಉಲ್ಟಾರಿ. ನನಗ ಯಾರೂ ಬೈಲಿಲ್ಲ."

ಔರಾದದ ಹತ್ತಿರ ಒಂದು ಹಳ್ಳಿ ಅವನದು. ಮನೆಯಲ್ಲಿ ಇವನು ದೊಡ್ಡವನು, ಹನ್ನೆರಡು ವರ್ಷ ಚಿಕ್ಕವನು ತಮ್ಮ. ಬೇಸಿಗೆಯಲ್ಲಿ ಈಜು ಕಲಿಸುತ್ತೇನೆಂದು ತಮ್ಮನನ್ನು ಹೊಲದ ಬಾವಿಗೆ ಕರೆದೊಯ್ದ. ಸೊಂಟಕ್ಕೆ ಹಗ್ಗ ಕಟ್ಟಿದ. "ನಾನೇ ಕಟ್ಟಿದ ಗಂಟು. ಬಿಚ್ಚಿತು," ಎಂದ. "ಮಣ್ಣ ಮಾಡಿ ಬಂದ ಮ್ಯಾಲ ಮೂರ ದಿನ ಮನ್ಯಾಗ ಯಾರೂ ನನಗ ಒಂದ ಮಾತ ಅನಲಿಲ್ರಿ. ಅಮ್ಮಾ ಊಟಕ್ಕ ಕರದಳು. ಅಬ್ಬಾ ಬಾಜೂ ಕೂತು ಸುಮ್ಮನ ಬೀಡಿ ಸೇದಿದ. ಒಬ್ಬರರ ಬೈದಿದ್ರ, ಹೊಡದಿದ್ರ, ನಾ ಇರ್ತಿದ್ದೆ. ಆ ಸುಮ್ಮನಿರೂದು ನನಗ ತಡೀಲಿಕ್ಕ ಆಗಲಿಲ್ಲ. ನಾಲ್ಕನೇ ದಿನ ಮುಂಜಾನಿ ಎದ್ದು ಬಂದೆ."

ಫ್ಲಾರೆನ್ಸ ಆಗ ಕೂತಳು. ಆ ಮಡಚಿದ ಚೀಲದ ಮೇಲೆ ಕೂತಳು. ಬೈದದ್ದಕ್ಕೆ ಹೋದವನೊಬ್ಬ, ಬೈಯದೆ ಇದ್ದದ್ದಕ್ಕೆ ಹೋದವನೊಬ್ಬ. ಇಪ್ಪತ್ತಾರು ವರ್ಷ ಒಂದೇ ಮಾತನ್ನು ಹಿಡಿದುಕೊಂಡು ತನ್ನನ್ನು ತಾನು ಹೊಡೆದುಕೊಂಡಿದ್ದಳು. ಆ ಮಾತು ಆಡದಿದ್ದರೆ ಕ್ಯಾಲೆಬ ಉಳಿಯುತ್ತಿದ್ದ ಎಂದು ಯಾರು ಹೇಳಿದ್ದರು? ಹಾಗೆಂದುಕೊಂಡರೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹಿಡಿದಿದ್ದ ಗೂಟವೂ ಕೈಬಿಟ್ಟು, ಇನ್ನಷ್ಟು ತಳಮಳ ಶುರುವಾಯಿತು.

"ಬರಕೋರಿ," ಎಂದ ಅವನು. "ನೀವು ನಿಮ್ಮದು ಹೇಳೀರಿ. ಆದ್ರ ಯಾರಿಗೂ ಹೇಳಬ್ಯಾಡ್ರಿ."

"ಸರ್ಕಾರದ ಕಾಗದ. ನಾ ಯಾರಿಗೂ ಹೇಳಂಗಿಲ್ಲ."

ಹೆಸರು ಅಬ್ದುಲ ವಾಹೀದ. ವಯಸ್ಸು ನಲವತ್ತೆಂಟು. ಮನೆಯಲ್ಲಿ ಒಟ್ಟು ಒಬ್ಬರು. ಊರಿನ ಹೆಸರು, ತಂದೆಯ ಹೆಸರು ಹೇಳಿದ. ತಾಯಿಯ ಹೆಸರಿಗೆ ಬಂದಾಗ ಸುತಳಿಗೆ ಎರಡು ಸಲ ಗಂಟು ಹಾಕಿ ಬಿಚ್ಚಿದ. ಮೂರನೇ ಸಲಕ್ಕೆ, "ಮುನವ್ವರ ಬೇಗಂ," ಎಂದು, ಚೀಲ ಎಳೆದುಕೊಂಡು ಹೊಲಿಯತೊಡಗಿದ.

ಫೋನಿನ ಪರದೆಯಲ್ಲಿ ತೊಂಬತ್ತಮೂರಕ್ಕೆ ತೊಂಬತ್ತಮೂರು ಎಂದು ಹಸಿರು ಗೆರೆ ಬಂತು. ಮಕರಂದ ಹೂವಿನ ಚಿತ್ರ ಕಳಿಸಿದ. ಕೆಲಸ ಮುಗಿದಿತ್ತು.

ಫ್ಲಾರೆನ್ಸಳಿಗೆ ಮಾತ್ರ ಮುಗಿಯಲಿಲ್ಲ. ನಾಲ್ಕು ದಿನ ಮನೆಯೊಳಗೇ ಸುತ್ತಿದಳು. ಒಗೆದ ಬಟ್ಟೆ ಮತ್ತೆ ಒಗೆದಳು. ಆ ತಾಯಿ ಇದ್ದಾಳೋ ಹೋದಳೋ? ಇದ್ದರೆ, ತನ್ನ ಮಗ ಒಂದು ತಾಸಿನ ದಾರಿಯಲ್ಲಿ ಚೀಲ ಹೊಲಿಯುತ್ತ ಕೂತಿದ್ದಾನೆಂದು ಗೊತ್ತಿಲ್ಲದೆ ದಿನ ದೂಡುತ್ತಿದ್ದಾಳೆ. ಅದು ಗೊತ್ತಿರುವವಳು ತಾನೊಬ್ಬಳೇ. ಕ್ಯಾಲೆಬನ ಹೆಸರನ್ನೂ ಹೀಗೆ ಯಾವ ಊರಿನಲ್ಲೋ ಯಾವ ಮಾಸ್ತರನೋ ಬರೆದುಕೊಂಡು, ಮಾತು ಕೊಟ್ಟು, ಬಾಯಿ ಮುಚ್ಚಿಕೊಂಡಿದ್ದರೆ? ಆ ಮಾಸ್ತರನನ್ನು ಆಕೆ ಕ್ಷಮಿಸುತ್ತಿದ್ದಳೇ?

ರವಿವಾರ ಎಲೀಷ ಚರ್ಚಿಗೆ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಗ, "ನೀ ಹೋಗು. ನಾ ಔರಾದಕ್ಕ ಹೋಗಿ ಬರ್ತೇನಿ," ಎಂದಳು.

"ಅಲ್ಲೇನದ?"

"ನೋಡಿ ಬರ್ತೇನಿ ಅಷ್ಟೇ."

ಬಸ್ಸು ಸಂತಪುರ ದಾಟುವಾಗ ಇಳಿದು ವಾಪಸು ಹೋಗಿಬಿಡಬೇಕೆನ್ನಿಸಿತು. ಇಳಿಯಲಿಲ್ಲ. ಔರಾದದಿಂದ ಹಂಚಿಕೊಂಡ ಆಟೊದಲ್ಲಿ ಹಳ್ಳಿ. ಮಳೆ ಜಾಸ್ತಿಯಾಗಿ ಸೋಯಾ ಹೊಲಗಳಲ್ಲಿ ಇನ್ನೂ ನೀರು ನಿಂತಿತ್ತು. ಕೇಳಿದ ಮೊದಲನೇ ಮನೆಯವರೇ ಮುನವ್ವರ ಬೇಗಂಳ ಮನೆ ತೋರಿಸಿದರು. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ಒಂದು ಕಣ್ಣಿಗೆ ಪೊರೆ ಬಂದಿತ್ತು.

"ಸರ್ವೇ ರಿ, ಅಮ್ಮಾ," ಎಂದಳು ಫ್ಲಾರೆನ್ಸ. ಬಾಯಿಗೆ ಸುಲಭವಾಗಿ ಬಂದ ಸುಳ್ಳು.

"ಮೊನ್ನೆ ಬಂದಿದ್ರಲ್ಲ, ಬೇಟಿ?"

"ಒಂದಿಷ್ಟು ಕೇಳೂದು ಉಳದದ. ಮನ್ಯಾಗ ಎಷ್ಟ ಮಂದಿ?"

"ನಾನು, ನಮ್ಮ ಮೈದುನನ ಮಂದಿ."

"ಮಕ್ಕಳು?"

"ಇಬ್ಬರು." ಮುದುಕಿಯ ಕೈ ಮೊರದಲ್ಲಿ ಓಡುತ್ತಲೇ ಇತ್ತು. "ಒಬ್ಬಾವ ಮಣ್ಣಾಗ ಅದಾನ. ಒಬ್ಬಾವ ಎಲ್ಲಿ ಅದಾನೋ ಅಲ್ಲಾಗೇ ಗೊತ್ತು. ಮೊನ್ನೆ ಬಂದಾವ ಇಬ್ಬರನೂ ಬಿಟ್ಟ ಬರಕೊಂಡು ಹೋದ. ನೀ ಇಬ್ಬರನೂ ಬರಿ."

ಫ್ಲಾರೆನ್ಸ ನೋಟ್‌ಬುಕ್ಕು ತೆಗೆದು, ಮುದುಕಿ ಹೇಳಿದ ಎರಡೂ ಹೆಸರು ಬರೆದಳು. ಹೇಳಿಬಿಡಲೇ ಎಂದು ನಾಲಗೆಯ ತುದಿಗೆ ಬಂತು. ಕೊಟ್ಟ ಮಾತು ಅಡ್ಡ ನಿಂತಿತು. ಮುದುಕಿ ಕೊಟ್ಟ ಬೆಲ್ಲದ ಚಹಾ ಕುಡಿಯುವಷ್ಟು ಹೊತ್ತು ಎರಡೂ ಕಡೆ ಎಳೆದಾಟವಾಗಿ, ಕೊನೆಗೆ ಏನೂ ಹೇಳದೆ ಎದ್ದಳು.

"ನಿನಗ ಎಷ್ಟ ಮಂದಿ ಅಣ್ಣತಮ್ಮಂದಿರು?" ಮುದುಕಿ ಹಿಂದಿನಿಂದ ಕೇಳಿದಳು.

"ಒಬ್ಬಾವ ತಮ್ಮ," ಎಂದು, ಮುಂದಿನದನ್ನು ಕೇಳುವ ಮೊದಲೇ ಫ್ಲಾರೆನ್ಸ ಆಟೊ ನಿಂತ ಕಡೆ ಬಿರುಬಿರನೆ ನಡೆದಳು.

ಸೋಮವಾರ ವಾಹೀದನ ಖೋಲಿಗೆ ಹೋಗಿ, ನಿಂತ ನಿಲುವಿನಲ್ಲೇ ಹೇಳಿದಳು. "ನಿಮ್ಮ ತಾಯಿ ಅದಾರ. ಒಂದ ಕಣ್ಣ ಮಂದ ಆಗ್ಯಾದ. ನಾ ನಿಮ್ಮ ಸುದ್ದಿ ಏನೂ ಹೇಳಿಲ್ಲ. ಮಕ್ಕಳು ಇಬ್ಬರು ಅಂತ ಬರಸ್ಯಾರ."

ವಾಹೀದ ಕೈಯಲ್ಲಿದ್ದ ಚೀಲವನ್ನು ಬದಿಗೆ ಎಸೆದು ಎದ್ದ. "ಯಾರ ಹೇಳಿದ್ರು ನಿಮಗ ಹೋಗಲಿಕ್ಕ?"

"ಯಾರೂ ಹೇಳಿಲ್ಲ."

"ಬಾಯಿ ಇಪ್ಪತ್ತನಾಲ್ಕ ವರ್ಷ ಒಂದ ಮಾತ ಕೇಳಲಿಲ್ಲ. ನೀವು ನಾಲ್ಕ ದಿನ ತಡೀಲಿಲ್ಲ! ನಿಮ್ಮ ತಮ್ಮ ಸಿಗಲಿಲ್ಲಂತ ನನ್ನ ಹಿಡದೀರಿ." ಗಿಡ್ಡ ಕದ ಆಕೆಯ ಮುಖದ ಮುಂದೆ ಮುಚ್ಚಿತು.

ಆ ಮಾತು ನೆಟ್ಟಗೆ ನಟ್ಟಿತು. ಸುಳ್ಳಲ್ಲ ಎಂಬುದಕ್ಕೇ ನಟ್ಟಿತು.

ಬುಧವಾರ ಶಾಲೆ ಬಿಟ್ಟ ಮೇಲೆ, ತಪ್ಪಾಯಿತು ಎನ್ನಲು ಹೋದಳು. ಕದಕ್ಕೆ ಬೀಗ. ಮೀಟರಿನ ದೀಪ ಆರಿತ್ತು. ಕೌಸಲ್ಯಾಬಾಯಿ ಊರಲ್ಲಿರಲಿಲ್ಲ, ಗುಮಾಸ್ತನಿಗೆ ಏನೂ ಗೊತ್ತಿರಲಿಲ್ಲ. ಗುರುವಾರವೂ ಬೀಗ. ಶುಕ್ರವಾರವೂ. ಹೊಲಿಯದ ಚೀಲಗಳು ಸಂದಿಯ ಬಾಯಲ್ಲಿ ಎದೆಯೆತ್ತರ ಬೆಳೆದಿದ್ದವು. ಇನ್ನೊಬ್ಬನನ್ನು ಓಡಿಸಿದೆ, ಅಂದುಕೊಂಡಳು. ಒಬ್ಬನನ್ನು ಮಾತಾಡಿ ಓಡಿಸಿದೆ, ಇವನನ್ನೂ ಮಾತಾಡಿಯೇ. ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದಳು, ರೇಲ್ವೆ ಸ್ಟೇಶನ್ನಿನಲ್ಲಿ, ಭಾಲ್ಕಿಗೂ ಹೋಗಿ ಅಲ್ಲಿಯ ಮಾರುಕಟ್ಟೆಯಲ್ಲಿ ಚೀಲ ಹೊಲಿಯುವವರನ್ನು ಕೇಳಿದಳು. ಭಾಲ್ಕಿಯ ಹಳೆಯ ಓಣಿಯ ಮುಂದೆ ಹಾದರೂ ಒಳಗೆ ಕಾಲಿಡಲಿಲ್ಲ. ರಾತ್ರಿ ಎಲೀಷನ ಮುಂದೆ ಎಲ್ಲವನ್ನೂ ಹೇಳಿದಳು, ಹೊದಿಕೆ ಎಳೆದ ಬೆಳಗಿನಿಂದ ಹಿಡಿದು. ಅವನು ಮಂಚದ ಮೇಲೆ ಎದ್ದು ಕೂತು ಕೇಳಿದ.

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀನೂ ಕೇಳಲಿಲ್ಲ."

"ಕೇಳಿದ್ರ ಅಳತಿ ಅಂತ ಕೇಳಲಿಲ್ಲ," ಎಂದ ಎಲೀಷ. ಮರುದಿನ ಪಾಳಿ ಬದಲಿಸಿಕೊಂಡು, ತಾನೂ ಆಕೆಯ ಜೊತೆ ಗಂಜಿನ ಹೋಟೆಲುಗಳಲ್ಲಿ 'ಭಾಯಿ ಎಲ್ಲಿ' ಎಂದು ಕೇಳುತ್ತ ತಿರುಗಿದ.

ಬೀಗ ಬಿದ್ದ ಹತ್ತನೇ ದಿನ ಕೌಸಲ್ಯಾಬಾಯಿಯ ಫೋನು ಬಂತು. "ಲಗೂ ಬರ್ರಿ."

ಸಂದಿಯ ಬಾಯಲ್ಲಿ ಚೀಲದ ರಾಶಿ ಕರಗಿತ್ತು. ವಾಹೀದ ಗಲ್ಲಿಯಲ್ಲೇ, ಬೇವಿನ ನೆರಳಿಗೆ ಕೂತು ಹೊಲಿಯುತ್ತಿದ್ದ. ಬಯಲಲ್ಲಿ ಅವನನ್ನು ಕಂಡು ಆಚೀಚೆ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಫ್ಲಾರೆನ್ಸಳನ್ನು ಕಂಡು ಎದ್ದ.

"ಮೂರ ಸಲ ಹೋದೆ, ಟೀಚರ್. ಮೊದಲನೇ ಸಲ ಸಂತಪುರಕ್ಕ ಇಳದು ತಿರಗಿ ಬಂದೆ. ಎರಡನೇ ಸಲ ಊರ ಹೊರಗಿನ ಹಾಳ ಮಸೀದ್ಯಾಗ ಎರಡ ದಿನ ಕೂತೆ. ಮೂರನೇ ಸಲ ಒಳಗ ಹೋದೆ."

"ಏನಂದ್ರು ಅಮ್ಮಾ?"

ಅವನು ಎಡಗೆನ್ನೆ ಸವರಿಕೊಂಡ. "ಏನೂ ಅನಲಿಲ್ಲ. ಹೊಡದಳು. ಎರಡು. ಆ ಕೈಯಾಗ ಇಷ್ಟ ಜೋರ ಅದ ಅಂತ ಗೊತ್ತಿರಲಿಲ್ಲ." ಹಾಗೆ ಹೇಳುವಾಗ ಅವನ ಮುಖ ನಗುತ್ತಿತ್ತು, ಕಣ್ಣು ತುಂಬಿತ್ತು. "ಆಮ್ಯಾಲ ಅತ್ತಳು. ಅಬ್ಬಾ ಇಲ್ರಿ. ಎಂಟ ವರ್ಷಾತಂತ."

"ಮತ್ತ ಇಲ್ಲಿಗ್ಯಾಕ ಬಂದೀರಿ? ಅಲ್ಲೇ ಇರಬೇಕಿತ್ತು."

"ಅಲ್ಲಿ ರಾತ್ರಿ ನಿದ್ದಿ ಬರಂಗಿಲ್ಲ. ಬಾವಿ ಅಲ್ಲೇ ಅದ. ವಾರಕ್ಕೊಮ್ಮೆ, ಜುಮ್ಮಾಕ ಜುಮ್ಮಾ ಹೋಗಿ ಬರ್ತೇನಿ ಅಂದೀನಿ." ಸ್ವಲ್ಪ ತಡೆದು, "ನಿಮಗ ಬೈಬಾರದಿತ್ತು," ಎಂದ.

"ಬೈದದ್ದ ಖರೇನ ಇತ್ತು," ಎಂದಳು ಫ್ಲಾರೆನ್ಸ.

ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಇನ್ನು ಹದಿನೈದು ದಿನವಿರುವಾಗ, ಮುನವ್ವರ ಬೇಗಂ ಕಣ್ಣಿನ ಆಪರೇಶನ್ನಿಗೆಂದು ಬೀದರಿಗೆ ಬಂದಳು. ದವಾಖಾನೆಯವರು ಮರುದಿನ ಬರಲು ಹೇಳಿದ್ದರಿಂದ ಒಂದು ಮಧ್ಯಾಹ್ನ ಖಾಲಿ ಉಳಿಯಿತು. ಮಗ ಇಷ್ಟು ವರ್ಷ ಎಲ್ಲಿದ್ದ ಎಂದು ನೋಡಬೇಕೆಂದಳು. ಸಂದಿಯೊಳಗೆ ಓರೆಯಾಗಿ ನುಗ್ಗಿ ಖೋಲಿ ನೋಡಿ ಬಂದಳು, ಕೌಸಲ್ಯಾಬಾಯಿಯ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅಷ್ಟಕ್ಕೆ ತೃಪ್ತಿಯಾಗದೆ, ಆಚೀಚೆ ಯಾರ್ಯಾರಿದ್ದಾರೆ ಎಂದು ಕೇಳಿದಳು. ವಾಹೀದನಿಗೆ ಗೊತ್ತಿರಲಿಲ್ಲ. ಅವನು ದನಿಗಳನ್ನಷ್ಟೇ ಬಲ್ಲ.

"ಟೀಚರ್‌ಗೆ ಎಲ್ಲಾ ಗೊತ್ತದ," ಎಂದ.

ಮುದುಕಿ ಫ್ಲಾರೆನ್ಸಳ ಭುಜಕ್ಕೆ ಕೈಯಿಟ್ಟು ಹೊರಟಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವಳು, ಒಂದೊಂದು ಬಾಗಿಲ ಮುಂದೆ "ಇದ ಯಾರದು?" ಎನ್ನುವಳು. ಫ್ಲಾರೆನ್ಸ ಹೇಳುವಳು: ಇವರು ಪೆನ್ಶನ್ನಿನವರು, ಇವರ ಮಗಳು ನರ್ಸು, ಇಲ್ಲಿ ಒಂಬತ್ತು ಮಂದಿ ಮತ್ತು ಒಂದು ಎಮ್ಮೆ. ತನ್ನ ನಡಿಗೆಗೆ ಈ ನಡಿಗೆ ಎಲ್ಲಿಯೂ ಹೊಂದದೆ ಆಕೆಗೆ ಒಳಗೊಳಗೇ ಚಡಪಡಿಕೆ. ಕಾಲು ಮುಂದೆ ಓಡಲು ನೋಡುತ್ತಿತ್ತು, ಭುಜದ ಮೇಲಿನ ಕೈ ತಡೆಯುತ್ತಿತ್ತು. ಕಣ್ಣು ಆಗಲೂ ತೆರೆದ ಬಾಗಿಲುಗಳೊಳಗೆ ಇಣುಕಿ ಬರುತ್ತಿತ್ತು. ಅದನ್ನು ಆಕೆ ತಡೆಯಲು ಹೋಗಲಿಲ್ಲ.

ಮೂರನೇ ಗಲ್ಲಿಯ ತಿರುವಿನಲ್ಲಿ ಮುನವ್ವರ ಬೇಗಂ ದಣಿದು ಒಂದು ಮೆಟ್ಟಿಲ ಮೇಲೆ ಕೂತಳು. ಮನೆಯವರು ನೀರು ತಂದರು. "ಇನ್ನೂ ಒಂದ ಗಲ್ಲಿ ಉಳದದೇನು, ಬೇಟಿ?" ಎಂದಳು.

"ಒಂದ ಉಳದದ್ರಿ."

"ಕೂಡು ಸ್ವಲ್ಪ. ಹೋಗೂಣು."

ಫ್ಲಾರೆನ್ಸ ಮುದುಕಿಯ ಪಕ್ಕ, ಅದೇ ಮೆಟ್ಟಿಲ ಮೇಲೆ ಕೂತು, ನೋಯುವ ಮೊಣಕಾಲನ್ನು ಮುಂದೆ ಚಾಚಿದಳು.